ಕಮಾನಿನ ದುರುಗಪ್ಪ ಕಾರು ಮೆತ್ತಗೆ ಮಾಡಿದ್ದು

ದುರುಗಪ್ಪನ ಮುತ್ತಜ್ಜ ಉಚ್ಚೆಂಗೆಪ್ಪ ಬಳ್ಳಾರಿಯಲ್ಲಿ ಬಿಳಿಯರ ದಂಡು ಬೀಡುಬಿಟ್ಟಿದ್ದ ಕಾಲದವನು. ಫಿರಂಗಿ ಬಂಡಿಗಳ ಗಾಲಿಗೆ ಕಾದ ಕಬ್ಬಿಣದ ಪಟ್ಟಿ ತೊಡಿಸುವುದು ಅವನ ಕೆಲಸ. ಪಟ್ಟಿಯ ಮೇಲೆ ಒಮ್ಮೆ ಉಗುಳಿ, ಅದು ಸುಂಯ್ ಎನ್ನುವ ಸದ್ದಿನಲ್ಲೇ ಹದ ಹೇಳುತ್ತಿದ್ದನಂತೆ. ಅವನ ಮಗ ಮೂಕಪ್ಪ ಹೆಸರಿಗಷ್ಟೇ ಮೂಕ. ಬಳ್ಳಾರಿಯ ಬ್ರೂಸ್‌ಪೇಟೆಯ ಜಟಕಾದವರ ಜೊತೆ ಅವನು ಮಾತಿಗೆ ನಿಂತರೆ ಕುದುರೆಗಳೇ ಬೇಸತ್ತು ಮನೆಯ ದಾರಿ ಹಿಡಿಯುತ್ತಿದ್ದವು. ಆದರೆ ಜಟಕಾಕ್ಕೆ ಜರ್ಕು ತಡೆಯುವ ಉಕ್ಕಿನ ಪಟ್ಟಿಯ ಕಮಾನು ಕಟ್ಟುವುದರಲ್ಲಿ ಅವನನ್ನು ಸರಿಗಟ್ಟುವವರು ಇರಲಿಲ್ಲ. ಬಸುರಿ ಮಗಳನ್ನು ತವರಿಗೆ ಕರೆತರುವವರು ಮೂಕಪ್ಪ ಕಟ್ಟಿದ ಕಮಾನಿನ ಗಾಡಿಯೇ ಬೇಕೆಂದು ಎರಡು ದಿನ ಕಾಯುತ್ತಿದ್ದರು. ಮೂಕಪ್ಪನ ಮಗ ರಂಗಣ್ಣ, ತುಂಗಭದ್ರೆಯ ಕಾಲುವೆ ತೋಡುವಾಗ ಸಿರುಗುಪ್ಪಕ್ಕೆ ಬಂದವನು. ಮಣ್ಣು ಹೊರುವ ಲಾರಿಗಳ ಮುರಿದ ಕಮಾನು ಪಟ್ಟಿಗಳನ್ನು ಕಾಸಿ, ಬಡಿದು, ಅದೇ ದಿನ ಲಾರಿಯನ್ನು ಕೆಲಸಕ್ಕೆ ಹಚ್ಚುತ್ತಿದ್ದ. ಊರಿನವರು ಅವರ ಮನೆಗೆ ಕಮಾನಿನವರ ಮನೆ ಎಂದೇ ಹೆಸರಿಟ್ಟರು.

ರಂಗಣ್ಣನ ಮಗ ದುರುಗಪ್ಪ ಈ ಮನೆಯ ನಾಲ್ಕನೆಯ ತಲೆಮಾರು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಗಿರಣಿಯ ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಒಂದು ಹಳೆಯ ಹೆರಾಲ್ಡ್ ಕಾರನ್ನು ಸಾಹುಕಾರರು "ನಿನಗ ಬೇಕಾದ್ರ ಒಯ್ಯಪ್ಪ, ಇಲಿ ಮರಿ ಹಾಕಾಕತ್ತಾವ" ಎಂದು ಕೊಟ್ಟಿದ್ದರು. ಪುಟ್ಟ ಕಾರು, ಎರಡೇ ಬಾಗಿಲು. ದುರುಗಪ್ಪ ಅದಕ್ಕೆ ಜೀವ ಕೊಟ್ಟು ವರ್ಷಕ್ಕೆ ನಾಲ್ಕು ಸಲ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರು ಕುರುಗೋಡಿಗೆ ಹೋಗಿ ಬರುತ್ತಿದ್ದ. ಊರ ಬಾಯಿಗೆ ಅದೇ ದೊಡ್ಡ ಸುದ್ದಿ.

ಎಪ್ಪತ್ತೇಳನೇ ಇಸವಿಯಲ್ಲಿ ಆ ಸುಖಕ್ಕೆ ಕಲ್ಲು ಬಿತ್ತು. ಹೆಂಡತಿ ಜಂಬಮ್ಮನಿಗೆ ಬೆನ್ನು ನೋವು ಶುರುವಾಗಿ, ಮೊದಲು ಎಣ್ಣೆ, ಆಮೇಲೆ ಕಾವು, ಆಮೇಲೆ ದೇವರು, ಕೊನೆಗೆ ಬಳ್ಳಾರಿಯ ಡಾಕ್ಟರು. ಬೆನ್ನೆಲುಬಿಗೆ ಕ್ಷಯ ಹತ್ತಿದೆ ಎಂದರು. ಒಂದು ತಿಂಗಳು ಇಟ್ಟುಕೊಂಡು, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಕಟ್ಟಿ, ಸೂಜಿ ಮಾತ್ರೆ ಬರೆದು, ಮನೆಗೆ ಕಳಿಸಿದರು. ಬಾಡಿಗೆ ವ್ಯಾನಿನಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ಜಂಬಮ್ಮ ತನ್ನ ಕೆಳತುಟಿಯನ್ನು ತಾನೇ ಕಚ್ಚಿ ಹರಿದುಕೊಂಡಿದ್ದಳು. ಮನೆಯ ಮುಂದೆ ಇಳಿಸಿದಾಗ ಸೆರಗೆಲ್ಲ ರಕ್ತ.

"ಇನ್ನ ಸತ್ತರೂ ಆ ದಾರಿಗೆ ನನ್ನ ಒಯ್ಯಬ್ಯಾಡ್ರಿ," ಎಂದಳು. "ಒಯ್ದರ ನಿಮ್ಮ ತಾಯಿ ಆಣಿ ಐತಿ."

ಐದು ತಿಂಗಳು ಕಳೆದವು. ಒಂದು ಬೆಳಿಗ್ಗೆ ದುರುಗಪ್ಪನ ತಾಯಿ ಯಂಕಮ್ಮ ಸೊಸೆಯ ಕಾಲು ಒರೆಸುವಾಗ, ಬಲಗಾಲಿನ ಬೆರಳು ಆಡುವುದು ನಿಂತಿದೆ ಎಂದು ಮಗನನ್ನು ಕೂಗಿದಳು. ಊರ ಡಾಕ್ಟರು ಬಂದು ಬೆರಳು ಚಿವುಟಿ ನೋಡಿದರು. ಹೊರಗೆ ಕರೆದು ಹೇಳಿದರು: "ದುರುಗಪ್ಪ, ಒಳಗ ಕೀವು ನರ ಒತ್ತಾಕತ್ತೈತಿ. ಎಂಟು ದಿನದಾಗ ಬಳ್ಳಾರಿ ಡಾಕ್ಟರ ಮುಂದ ಮಲಗಿಸು. ತಡಾ ಆತು ಅಂದ್ರ ಸೊಂಟದ ಕೆಳಗ ಆಕಿದು ಏನೂ ಉಳಿಯಂಗಿಲ್ಲ."

ಒಳಗೆ ಹೋಗಿ ಹೇಳಿದರೆ ಜಂಬಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಕುರುಗೋಡಿನಿಂದ ಅವಳ ತಮ್ಮ ಚಂದ್ರಣ್ಣ ಓಡಿ ಬಂದ. ಟ್ರ್ಯಾಕ್ಟರಿನ ಟ್ರೇಲರಿಗೆ ಮೊಣಕಾಲುದ್ದ ಹುಲ್ಲು ಹಾಸಿ ಒಯ್ಯುತ್ತೇನೆ ಎಂದ. ಸಾಹುಕಾರರ ದೊಡ್ಡ ಕಾರು ಕೇಳೋಣ ಎಂದ. ಅವಳ ಉತ್ತರ ಒಂದೇ: "ಆಣಿ ಐತಿ."

ಅವಳು ನೋವಿಗೆ ಹೆದರುತ್ತಿದ್ದಳೇ ಹೊರತು ಬಳ್ಳಾರಿಗಲ್ಲ. ದುರುಗಪ್ಪನಿಗೆ ಅದು ಗೊತ್ತಿತ್ತು. ಜರ್ಕು ಹೊಡೆಯದ ಗಾಡಿ ಇದ್ದರೆ ಬಂದಾಳು. ಅಂಥ ಗಾಡಿ ಭೂಮಿಯ ಮೇಲೆ ಇಲ್ಲ. ಇದ್ದರೆ ತಾನೇ ಮಾಡಬೇಕು. ಎಂಟು ದಿನ. ಗಿರಣಿಗೆ ರಜೆ ಹೇಳಿ ಅಂಗಳದಲ್ಲಿ ಹೆರಾಲ್ಡ್ ಕಾರಿನ ಕೆಳಗೆ ಮಲಗಿದ.

ಅದರ ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಒಂದೇ ಕಮಾನು, ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ್ದು. ಗಟ್ಟಿ ಆಸಾಮಿ, ನಾಲ್ಕು ಜನ ಕೂತರೂ ಬಾಗದು, ಗುಂಡಿ ಬಂದರೆ ಪೆಟ್ಟನ್ನೆಲ್ಲ ಒಳಗಿದ್ದವರ ಬೆನ್ನಿಗೆ ಕೊಡುವಂಥದು. ದುರುಗಪ್ಪ ಅದರಲ್ಲಿ ಎರಡೇ ಪಟ್ಟಿ ಉಳಿಸಿ ಮಿಕ್ಕವನ್ನು ಬಿಚ್ಚಿದ. ಕಾರು ಮುದುಕಿಯ ಹಾಗೆ ಕುಕ್ಕರಿಸಿತು. ಈಗ ಅದನ್ನು ಎತ್ತಿ ಹಿಡಿಯಲು ಎರಡು ಸುರುಳಿ ಸ್ಪ್ರಿಂಗು ಬೇಕು. ಗಾಲಿಯ ಪಕ್ಕದಲ್ಲಿ ಎಣ್ಣೆ ತುಂಬಿದ ಕೊಳವೆಯಂಥ ಶಾಕ್ ಅಬ್ಸಾರ್ಬರ್ ಇರುತ್ತದಲ್ಲ, ಕುಣಿತ ತಡೆಯುವುದು, ಅದರ ಸುತ್ತಲೇ ಸ್ಪ್ರಿಂಗು ಬರಬೇಕು. ಸ್ಪ್ರಿಂಗು ಹೊರುತ್ತದೆ, ಕೊಳವೆ ಹಿಡಿಯುತ್ತದೆ. ಕಾರಿನ ಮುಂದಿನ ಗಾಲಿಗಳಿಗೆ ಕಂಪನಿಯವರೇ ಹಾಗೆ ಕೂರಿಸಿದ್ದನ್ನು ನೋಡಿ ಹೊಳೆದ ಉಪಾಯ ಅದು.

ಬಸ್ಸು ಹತ್ತಿ ಬಳ್ಳಾರಿಯ ಕೌಲ್ ಬಜಾರಿಗೆ ಹೋದ. ಗುಜರಿ ಅಂಗಡಿಯ ಸಾಬರ ಮುಂದೆ ಸ್ಪ್ರಿಂಗುಗಳ ಗುಡ್ಡೆ. ದುರುಗಪ್ಪ ಒಂದೊಂದನ್ನೂ ನೆಲಕ್ಕೆ ನಿಲ್ಲಿಸಿ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡತೊಡಗಿದ.

"ಏನೋ ದುರುಗಪ್ಪ, ಕೋಳಿ ಕಾವಿಗೆ ಕುಂತಂಗ ಕುಂತೀಯಲ್ಲೋ," ಎಂದರು ಸಾಬರು. "ಮರಿ ಒಡದ್ರ ನನಗೊಂದು ಕೊಡು."

"ನಗಬ್ಯಾಡ್ರಿ ಭಾಯಿ. ನನ್ನ ಹೇಣ್ತಿ ಬೆನ್ನು ಇದರ ಮ್ಯಾಲೈತಿ."

ಸಾಬರ ನಗು ನಿಂತಿತು. ತಾವೇ ಗುಡ್ಡೆಗೆ ಕೈ ಹಾಕಿದರು. ಸಂಜೆಯ ಹೊತ್ತಿಗೆ, ಯಾವುದೋ ಕಾಲದ ಯಾವುದೋ ವಿಲಾಯಿತಿ ಗಾಡಿಯ ಎರಡು ಜೋಡಿ ಸ್ಪ್ರಿಂಗು ಸಿಕ್ಕವು. ತೆಳು ತಂತಿ, ಉದ್ದನೆಯ ಸುರುಳಿ, ಕೂತರೆ ಹತ್ತಿಯಂತೆ ಇಳಿಯುವಂಥವು.

ಗಿರಣಿಯಲ್ಲಿ ಕಬ್ಬಿಣ ಕಡೆಯುವ ಲೇತಿನ ಮುಂದೆ ಎರಡು ದಿನ ನಿಂತ. ಶಾಕ್ ಅಬ್ಸಾರ್ಬರಿನ ತಗಡು ತೆಳುವು, ಅದಕ್ಕೆ ಮರೆ, ಅಂದರೆ ನಟ್ಟು ತಿರುಗುವ ತಿರುಪಿನ ಗೆರೆ, ಕಡಿಯಲು ಬಾರದು. ಹಾಗಾಗಿ ದಪ್ಪ ಪೈಪಿನ ಅಂಗಿ ತೊಡಿಸಿ, ಆ ಅಂಗಿಗೆ ಮರೆ ಕಡಿದು, ಅದರ ಮೇಲೆ ತಿರುಗುವ ದೊಡ್ಡದೊಂದು ನಟ್ಟು ಕೂರಿಸಿದ. ಸ್ಪ್ರಿಂಗಿನ ಬುಡ ಆ ನಟ್ಟಿನ ಮೇಲೆ. ನಟ್ಟು ಮೇಲೆ ತಿರುಗಿಸಿದರೆ ಕಾರಿನ ಆ ಮೂಲೆ ಏಳುತ್ತದೆ, ಕೆಳಗೆ ತಿರುಗಿಸಿದರೆ ಇಳಿಯುತ್ತದೆ. ಎಡಕ್ಕೆ ಒಂದು, ಬಲಕ್ಕೆ ಒಂದು.

ಇನ್ನು ಹದ ಕೂರಿಸುವುದು. ಎಡಗಡೆಯ ಸೀಟುಗಳನ್ನು ಕಿತ್ತು ಉದ್ದಕ್ಕೆ ಹಲಗೆ ಹಾಕಿದ. ಅದರ ಮೇಲೆ ಜಂಬಮ್ಮನ ತೂಕದಷ್ಟು ಭತ್ತದ ಚೀಲ. ಅವಳ ತಲೆ ಬರುವ ಕಡೆ ಅಂಚಿನವರೆಗೆ ನೀರು ತುಂಬಿದ ತಾಮ್ರದ ಚೊಂಬು. ಕಾಲುವೆ ದಂಡೆಯ ರಸ್ತೆಯಲ್ಲಿ ಒಂದು ಮೈಲಿ ಹೋಗಿ ಬಂದರೆ, ಚೊಂಬಿನಲ್ಲಿ ಎಷ್ಟು ನೀರು ಉಳಿಯಿತು ಎನ್ನುವುದೇ ಲೆಕ್ಕ.

ಮೊದಲ ದಿನ ಚೊಂಬು ಅರ್ಧವಾಯಿತು. ಜರ್ಕು ಹೋಗಿತ್ತು, ಆದರೆ ಕಾರು ಒಂದು ಗುಂಡಿ ದಾಟಿದರೆ ಹತ್ತು ಸಲ ತೂಗಾಡುತ್ತಿತ್ತು. ಕೊಳವೆ ಬಿಚ್ಚಿ, ತೆಳು ಎಣ್ಣೆ ಚೆಲ್ಲಿ, ಎಂಜಿನ್ನಿನ ದಪ್ಪ ಎಣ್ಣೆ ಹಾಕಿದ. ತೂಗುವುದು ನಿಂತಿತು, ಜರ್ಕು ಮರಳಿತು, ಚೊಂಬು ಮುಕ್ಕಾಲು ಬರಿದಾಯಿತು. ಎರಡನ್ನೂ ಬೆರೆಸಿದ. ಮುಕ್ಕಾಲು ಉಳಿಯಿತು. ಗಾಲಿಯ ಗಾಳಿ ಇಳಿಸಿದ, ನಟ್ಟನ್ನು ಅರ್ಧ ಸುತ್ತು ಏರಿಸಿದ, ಕಾಲು ಸುತ್ತು ಇಳಿಸಿದ. ದಂಡೆಯ ಗದ್ದೆಗಳಲ್ಲಿ ಸಸಿ ನೆಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು.

"ಕಮಾನಿನ ಮಾವ, ಭತ್ತಕ್ಕ ಗಾಳಿ ಸವಾರಿ ಮಾಡಸಾಕತ್ತೀಯೇನು?"

"ಹೂನವ್ವ. ಅದಕ್ಕ ಬಳ್ಳಾರಿ ನೋಡೋ ಆಸಿ ಆಗೇತಿ," ಎಂದು ನಗಲು ನೋಡಿದ. ಆಮೇಲೆ ಚೊಂಬಿಗೆ ಮತ್ತೆ ನೀರು ತುಂಬಿದ.

ಆರನೆಯ ದಿನ ಮಧ್ಯಾಹ್ನ, ಚೊಂಬಿನ ನೀರು ಅಂಚು ಬಿಟ್ಟು ಒಂದು ಬೆರಳಷ್ಟೇ ಇಳಿದಿತ್ತು. ದುರುಗಪ್ಪ ಕಾರಿನಿಂದಿಳಿದು, ದಂಡೆಯ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮನೆಗೆ ಬಂದು ಚೊಂಬನ್ನು ಹಾಗೇ ಜಂಬಮ್ಮನ ಮುಂದೆ ಹಿಡಿದ. "ನೋಡು. ಒಂದು ಮೈಲಿ. ಇಷ್ಟ ಚೆಲ್ಲೇತಿ. ಓಣಿ ತುದಿಮಟ ಒಂದ ಸಲ ಹೋಗಿ ಬರೂಣು. ನೋವಾದ್ರ ನಾ ಇನ್ನ ಬಾಯಿ ತೆಗಿಯಂಗಿಲ್ಲ."

ಅವಳು ಬಹಳ ಹೊತ್ತು ಚೊಂಬನ್ನೇ ನೋಡಿದಳು. ಆಮೇಲೆ ಕಣ್ಣಲ್ಲೇ ಹೂಂ ಅಂದಳು.

ಹೆರಾಲ್ಡಿನ ಮೇಲಿನ ಟಾಪು ಬೋಲ್ಟುಗಳ ಮೇಲೆ ನಿಂತದ್ದು. ಅದನ್ನು ಬಿಚ್ಚಿ ಕೆಳಗಿಟ್ಟು, ಓಣಿಯ ನಾಲ್ವರು ಹೆಂಗಸರು ಜಂಬಮ್ಮನನ್ನು ಅವಳು ಮಲಗಿದ್ದ ಹಲಗೆಯ ಸಮೇತ ಮೇಲಿನಿಂದ ಒಳಗಿಳಿಸಿದರು. ದುರುಗಪ್ಪ ಉಸಿರು ಬಿಗಿಹಿಡಿದು ಕಾರು ಬಿಟ್ಟ. ಹತ್ತು ಮಾರು ಹೂವಿನ ಹಾಗೆ ಹೋಯಿತು. ಓಣಿಯ ಚರಂಡಿಯ ಅಂಚಿನಲ್ಲಿ ಎಡಗಾಲಿ ಗುಂಡಿಗಿಳಿಯಿತು. ಕೆಳಗಿನಿಂದ ಠಣ್ ಎಂದು ಒಂದು ಸದ್ದು. ಅದರ ಹಿಂದೆಯೇ ಜಂಬಮ್ಮನ ಕೂಗು. ಆ ಕೂಗು ಕೇಳಿ ಮನೆಮನೆಯವರು ಹೊರಗೆ ಬಂದರು.

ಹಾಸಿಗೆಗೆ ಮರಳಿ ಮಲಗಿಸಿದ ಮೇಲೆ ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಉಳಿದದ್ದು ಎರಡು ದಿನ. ದುರುಗಪ್ಪ ಮತ್ತೆ ಕಾರಿನ ಕೆಳಗೆ ಮಲಗಿ ಆ ಠಣ್ ಎಲ್ಲಿಂದ ಬಂತೆಂದು ಹುಡುಕಿದ. ಭಾರ ಹೆಚ್ಚಾಗಿ ಕಾರು ಕೂತರೆ ಕೆಳಗೆ ದಬ್ ಎನ್ನುತ್ತದೆ. ಇದು ಠಣ್, ಶಾಕ್ ಅಬ್ಸಾರ್ಬರ್ ಮೇಲ್ತುದಿಯವರೆಗೆ ಚಾಚಿ, ಇನ್ನು ಜಾಗವಿಲ್ಲದೆ ಜಗ್ಗಿದ ಸದ್ದು. ಹಾಗಾಗಬೇಕೆಂದರೆ ಮೇಲಿನ ಭಾರ ಕಡಿಮೆಯಿರಬೇಕು. ಭಾರ ಕಡಿಮೆ ಹೇಗಾಗುತ್ತದೆ? ಚೀಲವಿದ್ದಾಗ ಸರಿಯಿತ್ತು. ಚೀಲ ತೆಗೆದು, ಅಷ್ಟೇ ತೂಕದ ಹೆಂಡತಿಯನ್ನು ಮಲಗಿಸಿದ್ದೇನೆ. ಸ್ಪ್ರಿಂಗಿಗೆ ಬೈದ, ನಟ್ಟಿಗೆ ಬೈದ, ಗುಜರಿಗೆ ಬೈದ. ಆಮೇಲೆ ಚೀಲದ ತೂಕ ಎಲ್ಲಿಂದ ಬಂತೆಂದು ತನ್ನನ್ನೇ ಕೇಳಿಕೊಂಡ.

ಅರವತ್ತೊಂದು ಕಿಲೊ. ಮದುವೆಯಾದ ಮೂರನೇ ವರ್ಷ ಜಂಬಮ್ಮ ವಾಂತಿಭೇದಿಯಿಂದ ಸಾಯುವ ಹಾಗಾಗಿ ಉಳಿದಿದ್ದಳು. ಯಂಕಮ್ಮ ಹೊತ್ತ ಹರಕೆಯಂತೆ ಮರುವರ್ಷ ಬಸವಣ್ಣನ ಗುಡಿಯಲ್ಲಿ ಅವಳಿಗೆ ಬೆಲ್ಲದ ತುಲಾಭಾರ ಮಾಡಿಸಿದ್ದರು. ಅರವತ್ತು ಕಿಲೊ ಬೆಲ್ಲ ಹಾಕಿದರೂ ತಕ್ಕಡಿ ಏಳದೆ, ಇನ್ನೊಂದು ಕಿಲೊ ತರಲು ಓಡಿದ್ದರು. "ಏನವ್ವ ಜಂಬಕ್ಕ, ಗಂಡ ಕಬ್ಬಿಣ ಬಡಿಯೋ ಅಡಿಗಲ್ಲು ಸೀರ್ಯಾಗ ಕಟ್ಕೊಂಡು ಕುಂತೀಯೇನು?" ಎಂದು ಹೆಂಗಸರು ನಕ್ಕದ್ದು ಇಂದಿಗೂ ಅವನ ಕಿವಿಯಲ್ಲಿತ್ತು. ದೇವರಿಗೆ ತೂಗಿದ ಮೈಯನ್ನು ಮತ್ತೆ ಅಂಗಡಿಯ ತಕ್ಕಡಿಗೆ ಹಾಕಬಾರದು ಎನ್ನುವುದು ಆ ಮನೆಯ ನೇಮ. ಹಾಗಾಗಿ ಜಂಬಮ್ಮನ ತೂಕವೆಂದರೆ ಅರವತ್ತೊಂದೇ. ಹದಿನಾಲ್ಕು ವರ್ಷದಿಂದ ಅರವತ್ತೊಂದು.

ಅವಳನ್ನು ಎತ್ತುವುದು ಯಾವಾಗಲೂ ನಾಲ್ಕು ಹೆಂಗಸರು, ಹಲಗೆಯ ಸಮೇತ. ಪ್ಲಾಸ್ಟರ್ ಕಟ್ಟಿದ ಮೇಲೆ ಅವನು ಅವಳನ್ನು ತನ್ನ ಕೈಯಿಂದ ಒಮ್ಮೆಯೂ ಎತ್ತಿರಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಗಿರಣಿಯಲ್ಲಿ ಚೀಲ ತೂಗುವ ತಕ್ಕಡಿಯನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ಮನೆಗೆ ತಂದ. ಯಂಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ಲೇ ದುರುಗ, ಬಸವಣ್ಣ ನೋಡಾಕತ್ತಾನ."

"ನೋಡ್ಲಿ ಬಿಡಬೇ. ಇಷ್ಟ ದಿನ ನೋಡಿ ಏನ್ ಮಾಡ್ದ?"

ಜಂಬಮ್ಮ ಒಳಗಿನಿಂದ ಕೇಳಿದಳು: "ದೇವ್ರಿಗೆ ತೂಗಿದ ಮೈ ಇದು. ಭತ್ತದ ತಕ್ಕಡಿಗೆ ಹಾಕ್ತೀರೇನು?"

"ಹಾಕ್ತೀನಿ. ಪಾಪ ನನಗಿರ್ಲಿ."

ಹೆಂಗಸರು ಹಲಗೆಯ ಸಮೇತ ಅವಳನ್ನು ತಕ್ಕಡಿಯ ಮೇಲಿಟ್ಟರು. ದುರುಗಪ್ಪ ಕೋಲಿನ ಮೇಲಿನ ಗುಂಡನ್ನು ಎಪ್ಪತ್ತೆರಡರಿಂದ ಸರಿಸುತ್ತ ಬಂದ. ಐವತ್ತೈದು. ಕೋಲು ಏಳಲಿಲ್ಲ. ನಲವತ್ತೊಂಬತ್ತಕ್ಕೆ ಬಂದಾಗ ಕೋಲು ಎದ್ದು ನಿಂತಿತು. ಹಲಗೆ ಹನ್ನೊಂದು. ಉಳಿದದ್ದು ಮೂವತ್ತೆಂಟು, ಅದರಲ್ಲೂ ಐದಾರು ಕಿಲೊ ಪ್ಲಾಸ್ಟರಿನದು. ಅವನ ಕೈ ಗುಂಡಿನ ಮೇಲೆಯೇ ಉಳಿಯಿತು. ಇಷ್ಟು ದಿನ ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅನ್ನ ಉಂಡು, ಹೆಂಡತಿ ಅರ್ಧ ಕರಗಿ ಹೋದದ್ದು ಅವನಿಗೆ ಕಂಡಿರಲಿಲ್ಲ. ಗುಜರಿಯ ಸ್ಪ್ರಿಂಗಿಗೆ ತಿಳಿದದ್ದು ಗಂಡನಿಗೆ ತಿಳಿದಿರಲಿಲ್ಲ.

"ಎಷ್ಟೈತಿ?" ಎಂದಳು ಜಂಬಮ್ಮ.

"ಐವತ್ತು."

"ಸುಳ್ಳು ಹೇಳಬ್ಯಾಡ್ರಿ. ಖರೇ ಹೇಳಿದ್ರ ಬರ್ತೀನಿ."

ಅವನು ತಲೆ ಎತ್ತದೆ ಹೇಳಿದ. "ಮೂವತ್ತೆಂಟು."

ಅವಳ ಹರಿದು ಮಾಯ್ದ ತುಟಿಯ ಮೂಲೆಯಲ್ಲಿ ಏನೋ ಆಡಿತು. "ಅತ್ತಿ, ನೀವು ಆವಾಗ ಅವಸರ ಮಾಡಿದ್ರಿ. ಈಗ ತೂಗಿಸಿದ್ರ ಎಷ್ಟು ಬೆಲ್ಲ ಉಳೀತಿತ್ತು." ಯಂಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದಳು. ಜಂಬಮ್ಮ ಗಂಡನತ್ತ ನೋಡಿದಳು. "ಇಷ್ಟ ದಿನ ನೀವು ಯಾವಾಕಿಗೋ ಕಾರು ಕಟ್ಟಿದ್ರಿ. ಈಗ ನನಗ ಕಟ್ರಿ."

ಅವನು ಕಟ್ಟಿದ. ಚೀಲ ಬಿಚ್ಚಿ ಭತ್ತ ಸುರಿದು ಮೂವತ್ತೆಂಟು ಕಿಲೊ ಉಳಿಸಿದ. ಕಮಾನಿನ ಎರಡು ಪಟ್ಟಿಯಲ್ಲಿ ಒಂದನ್ನು ಅರ್ಧಕ್ಕೆ ಕೊಯ್ದ. ಇದ್ದ ಸ್ಪ್ರಿಂಗು ತೆಗೆದು, ಇನ್ನೂ ಮೆತ್ತಗಿದ್ದ ಎರಡನೇ ಜೋಡಿ ಹಾಕಿದ. ಎಡಗಡೆಯ ನಟ್ಟನ್ನು ಮೂರೂವರೆ ಸುತ್ತು ಇಳಿಸಿದ. ಎಣ್ಣೆ ತೆಳು ಮಾಡಿದ. ಈಗ ಕಾರು ಎಷ್ಟು ಸೂಕ್ಷ್ಮವಾಯಿತೆಂದರೆ, ಮಡ್‌ಗಾರ್ಡಿನ ಮೇಲೆ ಅಂಗೈ ಊರಿದರೂ ನಾಲ್ಕು ಬೆರಳು ತಗ್ಗುತ್ತಿತ್ತು. ಹೆಚ್ಚು ಜನ ಹತ್ತಿದರೆ ನೆಲಕ್ಕೆ ಮುಟ್ಟುವ ಗಾಡಿ. ಅವನೊಬ್ಬ, ಅವಳೊಬ್ಬಳು, ಅಷ್ಟಕ್ಕೇ ಹದ. ಕಾಲುವೆ ದಂಡೆಯ ರಸ್ತೆಯಲ್ಲಿ ಒಂದು ಮೈಲಿ ಹೋಗಿ ಬಂದ. ಚೊಂಬಿನ ನೀರು ಅಂಚಿನಲ್ಲೇ ನಡುಗುತ್ತ ನಿಂತಿತ್ತು.

ಎಂಟನೆಯ ದಿನ ಬೆಳಕು ಹರಿಯುವ ಮುಂಚೆಯೇ ಹೆಂಗಸರು ಅವಳನ್ನು ಒಳಗಿಳಿಸಿದರು. ಟಾಪು ಮನೆಯಲ್ಲೇ ಉಳಿಯಿತು. ಅದರ ಬದಲು ಒಂದು ಸೀರೆಯ ಚಪ್ಪರ. ಆಸ್ಪತ್ರೆಯ ಚೀಟಿ ಬರೆಯುವುದು ಹನ್ನೊಂದರವರೆಗೆ. ನೇರ ರಸ್ತೆಯಲ್ಲಿ ಹಳ್ಳದ ಸೇತುವೆ ಕುಸಿದು ಗಾಡಿಗಳನ್ನೆಲ್ಲ ಕುರುಗೋಡಿನ ಮೇಲೆ ಬಿಡುತ್ತಿದ್ದರು. ದುರುಗಪ್ಪ ಸೈಕಲ್ಲಿನ ವೇಗದಲ್ಲಿ ಹೊರಟ. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದು, ಬೈದು, ಮುಂದೆ ಹೋದರು. ಮೊದಲ ಹತ್ತು ಮೈಲಿ ಜಂಬಮ್ಮ ಹಲಗೆಯ ಅಂಚನ್ನು ಬಿಗಿಹಿಡಿದಿದ್ದಳು. ಆಮೇಲೆ ಅವಳ ಬೆರಳು ಸಡಿಲವಾದವು. ಅವನು ಕನ್ನಡಿಯಲ್ಲಿ ನೋಡಿದ. ಕಣ್ಣು ಮುಚ್ಚಿತ್ತು. ಕಾರು ನಿಲ್ಲಿಸಿ ಮೂಗಿನ ಮುಂದೆ ಬೆರಳಿಟ್ಟ. ಉಸಿರು ಬಿಸಿಯಾಗಿ, ಉದ್ದವಾಗಿ ಬರುತ್ತಿತ್ತು. ನಿದ್ದೆ. ಐದು ತಿಂಗಳಿಂದ ಚೂರು ಚೂರಾಗಿ ಬಂದು ಹೋಗುತ್ತಿದ್ದ ನಿದ್ದೆ ಈಗ ಪೂರ್ತಿ ಬಂದಿತ್ತು.

ಕುರುಗೋಡು ಇನ್ನೂ ಒಂದು ಮೈಲಿ ಇರುವಾಗ ಗದ್ದೆಯ ಒಡ್ಡು ಒಡೆದು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ದುರುಗಪ್ಪ ಅಂಚು ಹಿಡಿದು ದಾಟಲು ನೋಡಿದ. ಬಲಗಡೆಯ ಹಿಂಗಾಲಿ ಎರೆಮಣ್ಣಿನಲ್ಲಿ ಮೆಲ್ಲಗೆ, ಸದ್ದಿಲ್ಲದೆ, ಅಚ್ಚಿನವರೆಗೆ ಇಳಿದು ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಕಾರು ನಡುಗಿತು. ಅವನು ಎಂಜಿನ್ ಆರಿಸಿದ. ಗಡಿಯಾರ ಎಂಟೂವರೆ ತೋರಿಸುತ್ತಿತ್ತು, ಬಳ್ಳಾರಿ ಇನ್ನೂ ಎರಡು ತಾಸಿನ ದಾರಿ.

ಸುದ್ದಿ ತಿಳಿದು ಅಕ್ಕನಿಗಾಗಿ ರಸ್ತೆಯಲ್ಲೇ ಕಾಯುತ್ತಿದ್ದ ಚಂದ್ರಣ್ಣ ದೂರದಿಂದ ನೋಡಿ, ಗದ್ದೆಯಲ್ಲಿದ್ದ ಆರು ಜನ ಗಟ್ಟಿಗರನ್ನು ಕರೆದುಕೊಂಡು ಓಡಿ ಬಂದ. "ಏನಿಲ್ಲ ಮಾವ, ಇದೇನು ಬೆಂಕಿಪೊಟ್ನದಂಥ ಕಾರು. ಆರು ಮಂದಿ ಎತ್ತಿದ್ರ ಆ ಕಡಿ ಹೋಗಿ ಕುಂದ್ರತೈತಿ. ಹೂಂ, ಹಿಡೀರೋ."

ಹೇಳುತ್ತಲೇ ಅವನು ಹಿಂದಿನ ಡಿಕ್ಕಿಯ ಮೇಲೆ ಎರಡೂ ಕೈ ಊರಿದ. ಕಾರು ಅವನ ಭಾರಕ್ಕೆ ಕುಸಿದು, ಕೈ ತೆಗೆದಾಗ ಎದ್ದಿತು. ಚಪ್ಪರದ ಕೆಳಗೆ ಜಂಬಮ್ಮ ನಿದ್ದೆಯಲ್ಲೇ ನರಳಿದಳು. ದುರುಗಪ್ಪ ಕೆಸರಿಗೆ ಹಾರಿ ಭಾವಮೈದುನನ ರಟ್ಟೆ ಹಿಡಿದು ಹಿಂದಕ್ಕೆಳೆದ.

"ಹೊತ್ತಾಗೇತಿ ಮಾವ," ಎಂದ ಚಂದ್ರಣ್ಣ, ದನಿ ತಗ್ಗಿಸಿ. "ಹನ್ನೊಂದಕ್ಕ ಚೀಟಿ ಬಂದ್ ಮಾಡ್ತಾರ. ಆಕಿ ಕಾಲು ಹೋದ್ರ ಏನ್ ಮಾಡ್ತಿ? ಒಂದ ಜರ್ಕು ತಡಕೊಂತಾಳ. ಸೊಕ್ಕು ಬಿಡು."

ಆರು ಜನ ಮೊಣಕಾಲುದ್ದ ನೀರಿನಲ್ಲಿ ನಿಂತು ಇಬ್ಬರ ಮುಖ ನೋಡುತ್ತಿದ್ದರು. ದುರುಗಪ್ಪ ಪಂಚೆ ಎತ್ತಿಕಟ್ಟಿ, ಇಳಿದ ಗಾಲಿಯ ಮುಂದೆ ಮೊಣಕಾಲೂರಿ, ಗಾಲಿ ತಾನಾಗಿ ಹತ್ತಿ ಬರುವಂತೆ ಇಳಿಜಾರು ಮಾಡಲು ಎರಡೂ ಕೈಯಿಂದ ಕೆಸರು ಬಾಚಿ ಬಾಚಿ ಹಿಂದಕ್ಕೆ ಎಸೆಯತೊಡಗಿದ. ತಲೆ ಎತ್ತದೆ ಹೇಳಿದ:

"ಸೊಕ್ಕಲ್ಲೋ ಚಂದ್ರ. ನೀವು ಮುಟ್ಟಿದ್ರ ಇದು ಕುಣೀತೈತಿ, ಹಂಗ ಕಟ್ಟೀನಿ ಇದನ್ನ. ಒಂದ ಜರ್ಕು ಆಕಿ ತಡಕೊಂತಾಳ ಅಂತೀ, ಅದ ಒಂದ ಜರ್ಕಿಗೆ ಆಕಿ ಎಚ್ಚತ್ತು ಮನಿ ಕಡಿ ತಿರುಗಸ್ರಿ ಅಂದ್ರ, ನಾ ಆಕಿ ಮುಖಾ ಹೆಂಗ ನೋಡ್ಲಿ? ನೀರಿನ ಆ ಕಡಿ ಹೋಗಿ ನಿಂದ್ರಿ ಎಲ್ಲಾರೂ. ಕಾಲು ಸಪ್ಪಳ ಮಾಡಬ್ಯಾಡ್ರಿ. ನಿದ್ದಿ ಹತ್ತೇತಿ ಆಕಿಗೆ. ಕೆಸರು ನಾ ಒಬ್ಬನ ತೆಗೀತೀನಿ."